ಯಂತ್ರದ ಜೊತೆಗೆ ಚಿಕಿತ್ಸೆಯನ್ನೂ ಮಂಜೂರು ಮಾಡಿ: ಕ್ಯಾನ್ಸರ್ ಆಸ್ಪತ್ರೆಗಳ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಮಾನ್ಯರೇ,

ಕ್ಯಾನ್ಸರ್ ಆಸ್ಪತ್ರೆಗಳಿಗೆ ಹಣ ಬಿಡುಗಡೆ ಮಾಡುವವರು, ಯಂತ್ರಗಳ ಖರೀದಿಯ ಕಡತಕ್ಕೆ ಸಹಿ ಹಾಕುವವರು, ಯಾವ ವಿಭಾಗಕ್ಕೆ ಎಷ್ಟು ಹುದ್ದೆ ಬೇಕೆಂದು ತೀರ್ಮಾನಿಸುವವರು ನೀವು. ನಾನು ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯಕೀಯ ಭೌತವಿಜ್ಞಾನಿ. ರೋಗಿಯ ದೇಹದೊಳಗೆ ಯಾವ ಜಾಗಕ್ಕೆ ಎಷ್ಟು ವಿಕಿರಣ ಬೀಳಬೇಕೆಂದು ಲೆಕ್ಕ ಹಾಕುವುದು, ಲೆಕ್ಕದಂತೆಯೇ ಬೀಳುತ್ತಿದೆಯೇ ಎಂದು ಅಳೆದು ನೋಡುವುದು ನನ್ನ ಕೆಲಸ. ಹೊಸ ಯಂತ್ರಗಳ ಬಗ್ಗೆ ನೀವು ತೆಗೆದುಕೊಳ್ಳುವ ನಿರ್ಧಾರಗಳು ಆ ಯಂತ್ರದ ಮೇಜಿನ ಮೇಲೆ ಮಲಗುವವರನ್ನು ಹೇಗೆ ತಟ್ಟುತ್ತವೆ ಎಂಬುದನ್ನು ಹತ್ತಿರದಿಂದ ನೋಡುವವರಲ್ಲಿ ಒಬ್ಬನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಕೆಲವರಿಗೆ ಅದೇ ರೋಗ ಗುಣಪಡಿಸುವ ಮುಖ್ಯ ದಾರಿ; ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸದಂತೆ ಕಾಯುವ ಕಾವಲು; ಇನ್ನು ಕೆಲವರಿಗೆ ನೋವು ತಗ್ಗಿಸುವ ಉಪಾಯ. ಇಷ್ಟು ದೊಡ್ಡ ಸಂಖ್ಯೆಯ ಜನರಿಗೆ ಸಂಬಂಧಿಸಿದ ಈ ಚಿಕಿತ್ಸೆಯ ಚರ್ಚೆ ಬಹುಪಾಲು ಯಂತ್ರದ ಹೆಸರಿನ ಸುತ್ತಲೇ ಸುತ್ತುತ್ತದೆ. ಯಾವ ಯಂತ್ರ ಬಂತು, ಅದು ಎಷ್ಟು ಅತ್ಯಾಧುನಿಕ, ಬೇರೆಲ್ಲಿ ಅದು ಇಲ್ಲ ಎಂಬ ಮಾತುಗಳು ನಡೆಯುತ್ತವೆ. ಆ ಯಂತ್ರದಲ್ಲಿ ಚಿಕಿತ್ಸೆ ಆರಂಭಿಸಿದವರ ಪೈಕಿ ಎಷ್ಟು ಮಂದಿ ನಿಗದಿತ ದಿನದೊಳಗೆ, ನಿಗದಿತ ನಿಖರತೆಯಲ್ಲಿ ಚಿಕಿತ್ಸೆ ಮುಗಿಸಿದರು ಎಂದು ಕೇಳುವವರು ತೀರ ಕಡಿಮೆ. ನನ್ನ ಇಡೀ ಪತ್ರದ ವಿನಂತಿ ಈ ಪ್ರಶ್ನೆಯನ್ನು ನೀವು ಕೇಳಬೇಕೆಂಬುದೇ ಆಗಿದೆ. ಅದಕ್ಕೆ ಮೊದಲು, ಈ ತಂತ್ರಜ್ಞಾನಗಳು ನಿಜವಾಗಿ ಏನನ್ನು ಸಾಧಿಸಿವೆ ಎಂಬುದನ್ನು ಹೇಳುವುದು ನ್ಯಾಯ, ಏಕೆಂದರೆ ಅವು ಸಾಧಿಸಿರುವುದು ಬಹಳ ದೊಡ್ಡದು.

ರಾಂಟ್‌ಜೆನ್ ಕ್ಷಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಅದಾದ ಸ್ವಲ್ಪ ಕಾಲದಲ್ಲೇ ವೈದ್ಯರು ಅವನ್ನು ಗಡ್ಡೆಗಳ ಮೇಲೆ ಹಾಯಿಸಿ ನೋಡತೊಡಗಿದರು. ಆದರೆ ಆ ಕಾಲದ ಕಿರಣಗಳ ಶಕ್ತಿಯ ಹೆಚ್ಚಿನ ಪಾಲು ಚರ್ಮದಲ್ಲೇ ಕಳೆದುಹೋಗುತ್ತಿತ್ತು; ಒಳಗಿನ ಗಡ್ಡೆಗೆ ಸಾಕಷ್ಟು ತಲುಪಿಸಲು ಹೋದರೆ ಹೊರಗಿನ ಚರ್ಮ ಸುಟ್ಟುಹೋಗುತ್ತಿತ್ತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರಗಳಿಂದ ಚಿಕಿತ್ಸೆ ಆರಂಭವಾಯಿತು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲಿನಿಯರ್ ಆಕ್ಸಲರೇಟರ್‌ನಿಂದ, ಅಂದರೆ ಇಂದು ನಾವೆಲ್ಲ ಲಿನಾಕ್ ಎಂದು ಕರೆಯುವ ಯಂತ್ರದಿಂದ, ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. ಇವುಗಳಿಂದ ಆಳದ ಗಡ್ಡೆಗೆ ವಿಕಿರಣ ಮುಟ್ಟಿಸುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು. ಉಳಿದದ್ದು ಇನ್ನೊಂದು ಸಮಸ್ಯೆ: ಗಡ್ಡೆ ಇರುವ ಜಾಗ ಕಣ್ಣಿಗೆ ಕಾಣುತ್ತಿರಲಿಲ್ಲ. ಎಲುಬುಗಳಷ್ಟೇ ಕಾಣುವ ಎಕ್ಸ್‌ರೇ ಚಿತ್ರ ಇಟ್ಟುಕೊಂಡು, ಗಡ್ಡೆ ಇಂತಲ್ಲಿ ಇರಬಹುದೆಂದು ಅಂದಾಜು ಮಾಡಿ, ತಪ್ಪಿಹೋಗದಿರಲಿ ಎಂದು ಸುತ್ತ ಧಾರಾಳವಾಗಿ ಜಾಗ ಬಿಟ್ಟು, ಆಯತಾಕಾರದ ಕಿರಣಪುಂಜವನ್ನು ಎರಡೋ ನಾಲ್ಕೋ ದಿಕ್ಕಿನಿಂದ ಹಾಯಿಸಬೇಕಿತ್ತು. ಆ ಧಾರಾಳದ ಬೆಲೆಯನ್ನು ತೆತ್ತದ್ದು ಗಡ್ಡೆಯ ಪಕ್ಕದ ಆರೋಗ್ಯವಂತ ಅಂಗಗಳು.

1971ರಲ್ಲಿ ಮೊದಲ ಬಾರಿ ರೋಗಿಯೊಬ್ಬರ ಮೇಲೆ ಬಳಕೆಯಾದ ಸಿಟಿ ಸ್ಕ್ಯಾನ್ ಈ ಕತ್ತಲನ್ನು ಸರಿಸಿತು. ದೇಹವನ್ನು ಪದರ ಪದರವಾಗಿ ನೋಡಲು ಸಾಧ್ಯವಾದ ಮೇಲೆ ಗಡ್ಡೆಯ ಅಂಚನ್ನೂ ಅದರ ನೆರೆಯ ಅಂಗಗಳ ಅಂಚನ್ನೂ ಗೆರೆ ಎಳೆದು ಗುರುತಿಸುವುದು ಸಾಧ್ಯವಾಯಿತು. ಕಿರಣ ಹೊರಬರುವ ಬಾಯಿಯಲ್ಲಿ ತೆಳ್ಳನೆಯ ಟಂಗ್‌ಸ್ಟನ್ ಪಟ್ಟಿಗಳು ಒಂದೊಂದಾಗಿ ಒಳಗೆ ಹೊರಗೆ ಸರಿದು, ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ಆಕಾರವನ್ನು ರೂಪಿಸತೊಡಗಿದವು. ಐಎಂಆರ್‌ಟಿ ಎಂಬ ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಕಿರಣಪುಂಜದೊಳಗೆ ಒಂದೊಂದು ಭಾಗಕ್ಕೆ ಒಂದೊಂದು ತೀವ್ರತೆ ಇರುವಂತೆ ಮಾಡಿತು. ಇದರಿಂದ ಬೆನ್ನುಹುರಿಯನ್ನು ಅಪ್ಪಿಕೊಂಡಂತೆ ಬೆಳೆದಿರುವ ಗಡ್ಡೆಗೂ ಪೂರ್ಣ ಪ್ರಮಾಣ ಕೊಟ್ಟು, ಬೆನ್ನುಹುರಿಯನ್ನು ಸುರಕ್ಷಿತ ಮಿತಿಯೊಳಗೆ ಇಡುವುದು ಸಾಧ್ಯವಾಯಿತು. ಯಂತ್ರ ರೋಗಿಯ ಸುತ್ತ ತಿರುಗುತ್ತಲೇ ಇದನ್ನೆಲ್ಲ ಒಂದೆರಡು ನಿಮಿಷದಲ್ಲಿ ಮುಗಿಸುವ ವಿಮ್ಯಾಟ್ ವಿಧಾನವೂ ಬಂತು.

ಈ ಪ್ರಗತಿಯಿಂದ ರೋಗಿಗೆ ಆದ ಲಾಭ ಎಂಥದು ಎಂಬುದನ್ನು ಜೊಲ್ಲಿನ ಉದಾಹರಣೆಯಿಂದ ಹೇಳುವುದು ಸೂಕ್ತ. ಗಂಟಲಿನ ಕ್ಯಾನ್ಸರ್‌ಗೆ ಹಳೆಯ ವಿಧಾನದಲ್ಲಿ ವಿಕಿರಣ ಕೊಟ್ಟಾಗ ಕಿವಿಯ ಮುಂಭಾಗದ ಕೆಳಗಿರುವ, ಜೊಲ್ಲು ಸ್ರವಿಸುವ ಪೆರೋಟಿಡ್ ಗ್ರಂಥಿಗಳು ಎರಡೂ ಕಡೆ ಬತ್ತಿಹೋಗುತ್ತಿದ್ದವು. ಜೊಲ್ಲು ಇಲ್ಲದ ಬಾಯಿಯಲ್ಲಿ ಒಣ ತುತ್ತು ಗಂಟಲಿಗಿಳಿಯುವುದಿಲ್ಲ, ರುಚಿ ತಿಳಿಯುವುದಿಲ್ಲ, ಹಲ್ಲುಗಳು ಬೇಗ ಹುಳುಕಾಗುತ್ತವೆ, ನಾಲಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತಡವರಿಸುತ್ತದೆ, ರಾತ್ರಿ ನಿದ್ದೆಯ ನಡುವೆ ಎದ್ದೆದ್ದು ನೀರು ಕುಡಿಯಬೇಕಾಗುತ್ತದೆ. ಕ್ಯಾನ್ಸರ್ ವಾಸಿಯಾದ ಮೇಲೂ ಇದು ಬದುಕಿನುದ್ದಕ್ಕೂ ಉಳಿಯುತ್ತಿತ್ತು. ಬ್ರಿಟನ್ನಿನಲ್ಲಿ ನಡೆದ ಪಾರ್‌ಸ್ಪೋರ್ಟ್ ಎಂಬ ಅಧ್ಯಯನ ಹಳೆಯ ವಿಧಾನವನ್ನೂ ಐಎಂಆರ್‌ಟಿಯನ್ನೂ ನೇರವಾಗಿ ಹೋಲಿಸಿತು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಚಿಕಿತ್ಸೆಯಾಗಿ ಒಂದು ವರ್ಷದ ನಂತರ ಗಣನೀಯ ಪ್ರಮಾಣದ ಬಾಯಿ ಒಣಗುವಿಕೆ ಹಳೆಯ ವಿಧಾನದಲ್ಲಿ ಶೇಕಡಾ 74 ಮಂದಿಗೆ ಇತ್ತು, ಐಎಂಆರ್‌ಟಿಯಲ್ಲಿ ಶೇಕಡಾ 38 ಮಂದಿಗೆ. ನನಗೆ ತಂತ್ರಜ್ಞಾನದ ಮೇಲಿರುವ ನಂಬಿಕೆ ಇಂಥ ಅಂಕಿಗಳ ಮೇಲೆ ನಿಂತಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಐಎಂಆರ್‌ಟಿ ಒಂದು ಐಷಾರಾಮ, ಇದ್ದವರಿಗೆ ಮಾತ್ರ ಎಂಬ ಭಾವನೆ ಎಲ್ಲಾದರೂ ಉಳಿದಿದ್ದರೆ ಅದು ಸರಿಯಲ್ಲ. ಅದು ಇಂದಿನ ಕನಿಷ್ಠ ಮಟ್ಟ.

ಆಕಾರಕ್ಕೆ ತಕ್ಕ ಕಿರಣ ಸಿಕ್ಕ ಮೇಲೆ ಮುಂದಿನ ತೊಡಕು ಎದುರಾಯಿತು: ದೇಹದೊಳಗಿನ ಅಂಗಗಳು ಇದ್ದಲ್ಲೇ ಇರುವುದಿಲ್ಲ. ಶ್ವಾಸಕೋಶದ ಗಡ್ಡೆ ಪ್ರತಿ ಉಸಿರಿಗೂ ಮೇಲೆ ಕೆಳಗೆ ಸರಿಯುತ್ತದೆ. ಪ್ರಾಸ್ಟೇಟ್ ಗ್ರಂಥಿ ಅದರ ಹಿಂದಿನ ಗುದನಾಳದಲ್ಲಿ ಎಷ್ಟು ಗಾಳಿ ತುಂಬಿದೆ, ಮೇಲಿನ ಮೂತ್ರಕೋಶ ಎಷ್ಟು ತುಂಬಿದೆ ಎಂಬುದರ ಮೇಲೆ ಜಾಗ ಬದಲಿಸುತ್ತದೆ. ಐಜಿಆರ್‌ಟಿ ಎಂದು ಕರೆಯುವ ಚಿತ್ರನಿರ್ದೇಶಿತ ಚಿಕಿತ್ಸೆ ಇದಕ್ಕೆ ಉತ್ತರ. ರೋಗಿ ಮೇಜಿನ ಮೇಲೆ ಮಲಗಿದ ನಂತರ, ಕಿರಣ ಹಾಯಿಸುವ ಮುನ್ನ, ಯಂತ್ರವೇ ಅವರ ಸುತ್ತ ಒಂದು ಸುತ್ತು ಬಂದು ಸಿಟಿ ಚಿತ್ರ ತೆಗೆಯುತ್ತದೆ. ಟೆಕ್ನಾಲಜಿಸ್ಟ್ ಅದನ್ನು ಯೋಜನೆಯ ದಿನದ ಚಿತ್ರದ ಮೇಲೆ ಇಟ್ಟು ನೋಡಿ, ವ್ಯತ್ಯಾಸವಿದ್ದಷ್ಟು ಮಿಲಿಮೀಟರ್ ಮೇಜನ್ನು ಸರಿಸುತ್ತಾರೆ. ಎಡ ಸ್ತನದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಮಹಿಳೆಗೆ ಉಸಿರನ್ನು ಆಳವಾಗಿ ಎಳೆದು ಹಿಡಿದುಕೊಳ್ಳಲು ಹೇಳುತ್ತಾರೆ. ಶ್ವಾಸಕೋಶ ಹಿಗ್ಗಿ ಹೃದಯ ಎದೆಗೋಡೆಯಿಂದ ಹಿಂದಕ್ಕೆ ಸರಿದ ಆ ಕೆಲವು ಸೆಕೆಂಡುಗಳಲ್ಲಷ್ಟೇ ಕಿರಣ ಹಾಯುತ್ತದೆ, ಉಸಿರು ಬಿಟ್ಟ ಕೂಡಲೇ ನಿಲ್ಲುತ್ತದೆ. ಇದು ಸಣ್ಣ ವಿವರವೆನಿಸಬಹುದು. ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದು ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ಹೆಚ್ಚಿದಂತೆಲ್ಲ ಮುಂದೆ ಗಂಭೀರ ಹೃದ್ರೋಗದ ಸಂಭವ ಶೇಕಡಾ 7.4ರಷ್ಟು ಏರುತ್ತದೆ ಎಂದು ತೋರಿಸಿತು. ಇದಕ್ಕಿಂತ ಕಡಿಮೆ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಗಡಿಯೂ ಅದರಲ್ಲಿ ಕಾಣಲಿಲ್ಲ. ಹಿಡಿದ ಒಂದು ಉಸಿರಿಗೆ ಅಷ್ಟು ಬೆಲೆಯಿದೆ.

ಆಡಳಿತಗಾರರಾದ ನಿಮಗೆ ಅತ್ಯಂತ ಮುಖ್ಯವಾಗಬೇಕಾದ ಫಲ ಇಲ್ಲಿಂದ ಮುಂದಿನದು. ಗುರಿ ನಿಖರವಾದಷ್ಟೂ ಒಂದು ದಿನದ ಪ್ರಮಾಣವನ್ನು ಹೆಚ್ಚಿಸಿ, ಒಟ್ಟು ದಿನಗಳನ್ನು ಕಡಿಮೆ ಮಾಡುವುದು ಸಾಧ್ಯವಾಯಿತು. ಸ್ತನ ಕ್ಯಾನ್ಸರ್‌ಗೆ ಹಿಂದೆ ಐದು ವಾರ, ಆಮೇಲೆ ಮೂರು ವಾರ ನಡೆಯುತ್ತಿದ್ದ ಚಿಕಿತ್ಸೆಯನ್ನು ಒಂದೇ ವಾರದಲ್ಲಿ, 5 ಬಾರಿಗೆ ಒಟ್ಟು 26 ಗ್ರೇ ಕೊಟ್ಟು ಮುಗಿಸಬಹುದೆಂದು ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 2020ರಲ್ಲಿ ತನ್ನ ಐದು ವರ್ಷಗಳ ಫಲಿತಾಂಶದೊಂದಿಗೆ ತಿಳಿಸಿತು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬೇಕಾಗಿದ್ದ 37 ಬಾರಿಯನ್ನು 20ಕ್ಕೆ ಇಳಿಸಬಹುದೆಂದು 2016ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿದರೆ, ಆಯ್ದ ರೋಗಿಗಳಲ್ಲಿ, ಅತಿ ನಿಖರವಾಗಿ ಗುರಿಯಿಟ್ಟು ಪ್ರತಿ ಬಾರಿ ದೊಡ್ಡ ಪ್ರಮಾಣ ಕೊಡುವ ಎಸ್‌ಬಿಆರ್‌ಟಿ ವಿಧಾನದಿಂದ 5 ಬಾರಿಯಲ್ಲೇ ಮುಗಿಸಬಹುದೆಂದು 2024ರಲ್ಲಿ ಇನ್ನೊಂದು ಹೇಳಿತು. ದೂರದಿಂದ ಬರುವವರಿಗೆ, ದಿನಗೂಲಿ ಕಳೆದುಕೊಂಡು ಬರುವವರಿಗೆ, ಜೊತೆಗೆ ಒಬ್ಬರನ್ನು ಕರೆದುಕೊಂಡೇ ಬರಬೇಕಾದ ವೃದ್ಧರಿಗೆ ಇದು ಎಂಥ ಬಿಡುಗಡೆ ಎಂದು ಬೇರೆ ವಿವರಿಸಬೇಕಾಗಿಲ್ಲ. ಜೊತೆಗೆ ಅದೇ ಯಂತ್ರದಲ್ಲಿ ಹೆಚ್ಚು ಜನರಿಗೆ ಜಾಗ ಸಿಗುತ್ತದೆ. ಹೊಸ ತಂತ್ರಜ್ಞಾನ ಎಂದರೆ ದುಬಾರಿ ಎಂಬ ಲೆಕ್ಕ ಇಲ್ಲಿ ತಿರುವುಮುರುವಾಗುತ್ತದೆ. ನನ್ನ ದೃಷ್ಟಿಯಲ್ಲಿ ಕಳೆದ ಕಾಲು ಶತಮಾನದಲ್ಲಿ ಈ ಕ್ಷೇತ್ರ ಸಮಾಜಕ್ಕೆ ಕೊಟ್ಟ ದೊಡ್ಡ ಕೊಡುಗೆ ಇದೇ. ಆದರೂ ಹಣ ಪಾವತಿಯ ನಿಯಮಗಳು ಬಾರಿಗಳ ಎಣಿಕೆಯ ಮೇಲೆ ನಿಂತಿರುವ ಕಡೆ, ಕಡಿಮೆ ಬಾರಿಯಲ್ಲಿ ಮುಗಿಸುವ ಆಸ್ಪತ್ರೆಗೆ ಕಡಿಮೆ ಹಣ ಸಿಗುತ್ತದೆ. ಈ ನಿಯಮವನ್ನು ಬದಲಿಸುವ ಅಧಿಕಾರ ವೈದ್ಯರಿಗಿಲ್ಲ, ನಿಮಗಿದೆ.

ಇನ್ನು ಜಾಹೀರಾತಿನಲ್ಲಿ ಹೆಚ್ಚು ಮಿಂಚುವ ತಂತ್ರಜ್ಞಾನಗಳ ವಿಚಾರ. ಪ್ರೋಟಾನ್ ಕಿರಣದ ಗುಣ ನಿಜಕ್ಕೂ ವಿಶೇಷ. ಕ್ಷಕಿರಣ ಗಡ್ಡೆಯನ್ನು ದಾಟಿ ಆಚೆ ಬದಿಯಿಂದ ಹೊರಹೋಗುತ್ತದೆ. ಪ್ರೋಟಾನ್ ಒಂದು ನಿರ್ದಿಷ್ಟ ಆಳಕ್ಕೆ ಹೋಗಿ, ಅಲ್ಲಿ ತನ್ನ ಶಕ್ತಿಯ ಬಹುಪಾಲನ್ನು ಸುರಿದು ನಿಂತುಬಿಡುತ್ತದೆ. ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ಚಿಕಿತ್ಸೆ ನಡೆಯಿತು. ಆ ದೇಶದಲ್ಲಿ ಆಸ್ಪತ್ರೆಯೊಳಗಿನ ಮೊದಲ ಪ್ರೋಟಾನ್ ಕೇಂದ್ರ 1990ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಆರಂಭವಾಯಿತು. ಬೆಳೆಯುವ ಮಕ್ಕಳ ಮೆದುಳು ಮತ್ತು ಬೆನ್ನುಹುರಿಯ ಗಡ್ಡೆಗಳಲ್ಲಿ, ತಲೆಬುರುಡೆಯ ತಳದ ಕೆಲವು ಗಡ್ಡೆಗಳಲ್ಲಿ ಇದರ ಉಪಯೋಗದ ಬಗ್ಗೆ ತಜ್ಞರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಮಗುವಿನ ಬೆನ್ನುಹುರಿಗೆ ವಿಕಿರಣ ಕೊಡುವಾಗ ಅದರ ಮುಂದಿರುವ ಹೃದಯ, ಶ್ವಾಸಕೋಶ, ಕರುಳುಗಳಿಗೆ ಹೆಚ್ಚುಕಡಿಮೆ ಏನೂ ಬೀಳದಂತೆ ಮಾಡುವುದು ಸಣ್ಣ ಮಾತಲ್ಲ; ಆ ಮಗು ಇನ್ನೂ ಹಲವು ದಶಕ ಬದುಕಬೇಕು. ಆದರೆ ಎಲ್ಲ ಕ್ಯಾನ್ಸರ್‌ಗೂ ಪ್ರೋಟಾನ್ ಮೇಲು ಎಂದು ಹೇಳಲಾಗದು. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಪ್ರೋಟಾನ್ ಮತ್ತು ಐಎಂಆರ್‌ಟಿಯನ್ನು ಹೋಲಿಸಿದ ಅಮೆರಿಕದ ಅಧ್ಯಯನವೊಂದು 2024ರಲ್ಲಿ ಮಂಡಿಸಿದ ಫಲಿತಾಂಶದಲ್ಲಿ, ಎರಡು ವರ್ಷದ ನಂತರ ರೋಗಿಗಳು ಹೇಳಿಕೊಂಡ ಕರುಳಿನ ತೊಂದರೆಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹತ್ತಾರು ಲಿನಾಕ್‌ಗಳ ಹಣದಲ್ಲಿ ಒಂದು ಪ್ರೋಟಾನ್ ಕೇಂದ್ರ ಕಟ್ಟುವ ಪ್ರಸ್ತಾವ ನಿಮ್ಮ ಮುಂದೆ ಬಂದಾಗ, ಅದರಲ್ಲಿ ಮಕ್ಕಳಿಗೆ ಎಷ್ಟು ಜಾಗ ಮೀಸಲು ಎಂದು ದಯವಿಟ್ಟು ಕೇಳಿ.

ಎಂಆರ್‌ಐ ಮತ್ತು ಲಿನಾಕ್ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸುವ ಪ್ರಯತ್ನವೂ ಕೈಗೂಡಿದೆ. 1.5 ಟೆಸ್ಲಾ ಕಾಂತಶಕ್ತಿಯ ಎಂಆರ್‌ಐ ಜೋಡಿಸಿದ ಲಿನಾಕ್‌ನಲ್ಲಿ ಮೊದಲ ರೋಗಿಗೆ 2017ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಚಿಕಿತ್ಸೆ ಕೊಡಲಾಯಿತು. ಮೆತ್ತನೆಯ ಅಂಗಗಳನ್ನು ಇದು ಸಿಟಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ, ಅಂದಂದಿನ ಸ್ಥಿತಿಗೆ ತಕ್ಕಂತೆ ಯೋಜನೆಯನ್ನು ಅಂದೇ ಬದಲಿಸಲು ಬಿಡುತ್ತದೆ. ಪ್ರತಿ ರೋಗಿಗೂ ಹಿಡಿಯುವ ಸಮಯ ಮಾತ್ರ ಸಾಮಾನ್ಯ ಲಿನಾಕ್‌ಗಿಂತ ಬಹಳ ಹೆಚ್ಚು. ಸೆಕೆಂಡಿಗೆ 40 ಗ್ರೇಗೂ ಮೀರಿದ ವೇಗದಲ್ಲಿ ಪೂರ್ಣ ಪ್ರಮಾಣವನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ಕೊಟ್ಟು ಮುಗಿಸುವ ಫ್ಲ್ಯಾಶ್ ವಿಧಾನ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆರೋಗ್ಯವಂತ ಅಂಗಾಂಶಕ್ಕೆ ಕಡಿಮೆ ಹಾನಿ ಮಾಡಿದೆ. ಮನುಷ್ಯರಲ್ಲಿ ಮೊದಲ ಬಾರಿಗೆ 2018ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಇದನ್ನು ಬಳಸಲಾಯಿತು. ನನ್ನಂಥವರಿಗೆ ಇದು ರೋಮಾಂಚನದ ವಿಷಯ, ಆದರೆ ಇದಿನ್ನೂ ಸಂಶೋಧನೆಯ ಹಂತದಲ್ಲಿದೆ, ಖರೀದಿಯ ಪಟ್ಟಿಗೆ ಸೇರುವ ಕಾಲ ಬಂದಿಲ್ಲ.

ಈಗ ಹಣ ಮಂಜೂರಾತಿಯ ಪತ್ರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗಕ್ಕೆ ಬರುತ್ತೇನೆ. ಗಂಟಲಿನ ಕ್ಯಾನ್ಸರ್‌ನ ಒಬ್ಬ ರೋಗಿ ಮೊದಲ ದಿನದ ಕಿರಣಕ್ಕೆ ಬರುವ ಮೊದಲು ಏನೇನು ನಡೆಯುತ್ತದೆ ಎಂದು ನೋಡಿ. ಬಿಸಿನೀರಿನ ತೊಟ್ಟಿಯಲ್ಲಿ ಮೆತ್ತಗಾದ, ತೂತುತೂತಾದ ಪ್ಲಾಸ್ಟಿಕ್ ಹಾಳೆಯನ್ನು ಅವರ ಮುಖದ ಮೇಲೆ ಎಳೆದು, ಮೂಗು, ಗಲ್ಲ, ಹಣೆಯ ಉಬ್ಬುತಗ್ಗಿಗೆ ಬೆರಳುಗಳಿಂದ ಒತ್ತಿ ಕೂರಿಸುತ್ತಾರೆ. ಅದು ಆರಿ ಗಟ್ಟಿಯಾಗುವ ತನಕ ರೋಗಿ ಅಲುಗಾಡದೆ ಮಲಗಿರಬೇಕು. ಆ ಮುಖವಾಡದೊಂದಿಗೆ ಸಿಟಿ ಆಗುತ್ತದೆ. ವೈದ್ಯರು ಪದರದ ಮೇಲೆ ಪದರ ಗಡ್ಡೆಯ ಗೆರೆ, ಗ್ರಂಥಿಗಳ ಗೆರೆ, ಬೆನ್ನುಹುರಿಯ ಗೆರೆ ಎಳೆಯುತ್ತಾರೆ. ಇದಕ್ಕೇ ಗಂಟೆಗಟ್ಟಲೆ ಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಅಂಗಗಳ ಗೆರೆಯನ್ನು ನಿಮಿಷಗಳಲ್ಲಿ ಎಳೆದುಕೊಡುತ್ತಿವೆ, ಅದು ಸ್ವಾಗತಾರ್ಹ. ಆದರೆ ಅದನ್ನು ಒಪ್ಪುವ ಮುನ್ನ ಪ್ರತಿ ಪದರವನ್ನೂ ನೋಡುವ ಕಣ್ಣು ಮನುಷ್ಯನದೇ ಆಗಿರಬೇಕು. ನಂತರ ಯೋಜನೆ ತಯಾರಾಗುತ್ತದೆ, ವೈದ್ಯರು ಒಪ್ಪುತ್ತಾರೆ, ಭೌತವಿಜ್ಞಾನಿ ಅದೇ ಯೋಜನೆಯನ್ನು ರೋಗಿಯಿಲ್ಲದ ಮೇಜಿನ ಮೇಲೆ ಅಳತೆಯ ಸಾಧನಕ್ಕೆ ಹಾಯಿಸಿ, ಕಂಪ್ಯೂಟರ್ ಹೇಳಿದ ಪ್ರಮಾಣವೂ ಯಂತ್ರ ಕೊಟ್ಟ ಪ್ರಮಾಣವೂ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸುತ್ತಾನೆ. ಪ್ರತಿ ಬೆಳಗ್ಗೆ ಮೊದಲ ರೋಗಿ ಬರುವ ಮುನ್ನ ಯಂತ್ರದ ಪ್ರಮಾಣ ಸರಿಯಿದೆಯೇ, ಗೋಡೆಯ ಲೇಸರ್ ಗೆರೆಗಳು ಕೂಡುವಲ್ಲೇ ಕೂಡುತ್ತಿವೆಯೇ ಎಂದು ನೋಡಲಾಗುತ್ತದೆ. ಗಡ್ಡೆಗೆ ತಲುಪುವ ಪ್ರಮಾಣ ಉದ್ದೇಶಿಸಿದ್ದಕ್ಕಿಂತ ಶೇಕಡಾ 5ಕ್ಕೂ ಹೆಚ್ಚು ಆಚೀಚೆ ಆಗಬಾರದು ಎಂಬುದು ಈ ಕ್ಷೇತ್ರದ ಹಳೆಯ ಶಿಸ್ತು. ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ, ಹೆಚ್ಚಾದರೆ ರೋಗಿ ನರಳುತ್ತಾರೆ, ಮತ್ತು ಈ ಎರಡರಲ್ಲಿ ಯಾವುದೂ ಆ ದಿನ ಕಣ್ಣಿಗೆ ಕಾಣುವುದಿಲ್ಲ.

ಈ ಶಿಸ್ತು ಸಡಿಲವಾದ ಕಡೆ ಏನಾಯಿತೆಂಬುದಕ್ಕೆ ದಾಖಲೆಗಳಿವೆ. ಥೆರಾಕ್-25 ಎಂಬ ಯಂತ್ರದಲ್ಲಿ, ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಸುರಕ್ಷತೆಯನ್ನು ತಂತ್ರಾಂಶಕ್ಕೇ ಬಿಟ್ಟಿದ್ದರಿಂದ, 1985 ಮತ್ತು 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಮಂದಿಗೆ ಮಿತಿಮೀರಿದ ಪ್ರಮಾಣ ಬಿತ್ತು. ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಪನಾಮದಲ್ಲಿ 2000 ಮತ್ತು 2001ರಲ್ಲಿ, ಯೋಜನಾ ತಂತ್ರಾಂಶಕ್ಕೆ ಕಿರಣ ತಡೆಯುವ ಲೋಹದ ತುಂಡುಗಳ ವಿವರ ತುಂಬುವ ರೀತಿ ಬದಲಾದ ಮೇಲೆ, ಕಂಪ್ಯೂಟರ್ ಕೊಟ್ಟ ಉತ್ತರವನ್ನು ಬೇರೆ ದಾರಿಯಿಂದ ಯಾರೂ ಲೆಕ್ಕ ಹಾಕಿ ನೋಡದ ಕಾರಣ 28 ಮಂದಿಗೆ ಅತಿಯಾದ ಪ್ರಮಾಣ ಬಿತ್ತು. ಎರಡನೆಯ ಪ್ರಕರಣದಲ್ಲಿ ಯಂತ್ರ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಕೈಯಿಂದ ಒಮ್ಮೆ ಲೆಕ್ಕ ಹಾಕಿದ್ದರೆ, ನೀರಿನ ತೊಟ್ಟಿಯಲ್ಲಿ ಒಮ್ಮೆ ಅಳೆದಿದ್ದರೆ ಅದು ಸಿಕ್ಕಿಬೀಳುತ್ತಿತ್ತು. ಅಂಥ ಒಂದು ಲೆಕ್ಕಕ್ಕೆ, ಅಂಥ ಒಂದು ಅಳತೆಗೆ ಬೇಕಾಗುವುದು ತರಬೇತಾದ ಒಬ್ಬ ವ್ಯಕ್ತಿ ಮತ್ತು ಅವರಿಗೆ ಸಿಗುವ ಸಮಯ. ಹುದ್ದೆ ಖಾಲಿ ಬಿಟ್ಟು ಯಂತ್ರ ಮಾತ್ರ ತಂದರೆ ಮೊದಲು ಕಳೆದುಹೋಗುವುದು ಈ ಸಮಯವೇ. ಹೊರಗಿನವರಿಂದ ಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆಯೂ ಇದೆ: ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಅಂಚೆಯ ಮೂಲಕ ಅಳತೆಯ ಪುಟ್ಟ ಸಾಧನಗಳನ್ನು ಕಳಿಸಿ, ಆಸ್ಪತ್ರೆಗಳ ಯಂತ್ರಗಳ ಪ್ರಮಾಣವನ್ನು ಪರೀಕ್ಷಿಸಿಕೊಡುತ್ತಿವೆ. ನಿಮ್ಮ ಅಧೀನದ ಪ್ರತಿ ಕೇಂದ್ರವೂ ಇಂಥ ಹೊರಗಿನ ಪರೀಕ್ಷೆಗೆ ಒಳಪಡಲೇಬೇಕೆಂಬ ಆದೇಶ ಹೊರಡಿಸಲು ನಿಮಗೆ ಯಾವ ಹೊಸ ಯಂತ್ರವೂ ಬೇಕಿಲ್ಲ.

ನಿಂತುಹೋದ ಯಂತ್ರದ ವಿಷಯವನ್ನು ನಾನು ವಿಶೇಷ ಕಳವಳದಿಂದ ಹೇಳುತ್ತಿದ್ದೇನೆ. ವಿಕಿರಣ ಚಿಕಿತ್ಸೆಯನ್ನು ವಾರಗಟ್ಟಲೆ ಹಂಚಿ ಕೊಡುವುದರ ಹಿಂದೆ ಕಾರಣವಿದೆ. ಪ್ರತಿ ಬಾರಿಯೂ ಕಿರಣ ಜೀವಕೋಶಗಳ ಡಿಎನ್‌ಎಯನ್ನು ಒಡೆಯುತ್ತದೆ. ಆರೋಗ್ಯವಂತ ಕೋಶಗಳು ಮರುದಿನದೊಳಗೆ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳು ಅಷ್ಟು ಚೆನ್ನಾಗಿ ಮಾಡಿಕೊಳ್ಳಲಾರವು. ಆದರೆ ಉಳಿದ ಕ್ಯಾನ್ಸರ್ ಕೋಶಗಳು ಸುಮ್ಮನೆ ಕೂತಿರುವುದಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಆರಂಭವಾಗಿ ಸುಮಾರು ನಾಲ್ಕು ವಾರದ ಹೊತ್ತಿಗೆ ಅವು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಆ ಹಂತದಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇಕಡಾ 1ರ ಆಸುಪಾಸು ಇಳಿಯುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲೂ ಇಡೀ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಹೀಗಿರುವಾಗ, ಒಂದು ಬಿಡಿಭಾಗ ಬರುವುದಕ್ಕೆ, ನಿರ್ವಹಣಾ ಒಪ್ಪಂದದ ನವೀಕರಣದ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ವಾರಗಳು ಹಿಡಿದರೆ, ಆ ವಾರಗಳಲ್ಲಿ ಮಧ್ಯದಲ್ಲಿ ಸಿಕ್ಕಿಕೊಂಡ ರೋಗಿಗಳ ಗುಣವಾಗುವ ಅವಕಾಶ ಕರಗುತ್ತಿರುತ್ತದೆ. ಯಂತ್ರ ಕೆಟ್ಟಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದಾಗ ಅದನ್ನು ಓದಿ ಹಿಂದಿರುಗುವವರ ಮುಖ ನೋಡುವುದು ಕಷ್ಟ. ತಮಗೆ ಏನು ನಷ್ಟವಾಯಿತೆಂದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ, ನಮಗೆ ತಿಳಿದಿರುತ್ತದೆ.

ಆದ್ದರಿಂದ ಒಂದೇ ಕೇಂದ್ರಕ್ಕೆ ಬೇರೆ ಬೇರೆ ಕಂಪನಿಗಳ ಎರಡು ಭಿನ್ನ ಯಂತ್ರ ಕೊಡುವುದಕ್ಕಿಂತ, ಒಂದರ ಯೋಜನೆ ಇನ್ನೊಂದರಲ್ಲಿ ಹಾಗೆಯೇ ನಡೆಯುವಂತೆ ಅಳತೆಯಲ್ಲಿ ಸರಿಹೊಂದಿಸಿದ ಒಂದೇ ಮಾದರಿಯ ಎರಡು ಯಂತ್ರ ಕೊಡುವುದು ಉತ್ತಮ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದು ನಿಂತರೆ ರೋಗಿ ಪಕ್ಕದ ಕೊಠಡಿಗೆ ಹೋಗಬಹುದು. ಯಂತ್ರದ ಬೆಲೆಯೊಂದಿಗೇ ಅದರ ಆಯುಷ್ಯದುದ್ದದ ನಿರ್ವಹಣೆ, ಬಿಡಿಭಾಗ, ಅಳತೆಯ ಸಾಧನಗಳು, ತಂತ್ರಾಂಶದ ನವೀಕರಣ, ಅಡೆತಡೆಯಿಲ್ಲದ ವಿದ್ಯುತ್ತು ಮತ್ತು ತಂಪು ವ್ಯವಸ್ಥೆಯ ಹಣ ಒಂದೇ ಮಂಜೂರಾತಿಯಲ್ಲಿ ಬರಬೇಕು. ಬಿಡಿಬಿಡಿಯಾಗಿ ಕೇಳಿಕೊಳ್ಳುವಂತೆ ಮಾಡಿದರೆ ಅವುಗಳಲ್ಲಿ ಯಾವುದೋ ಒಂದು ಬರುವುದೇ ಇಲ್ಲ.

ಮಿಂಚಿಲ್ಲದ ಕಾರಣಕ್ಕೆ ಕಡೆಗಣನೆಗೆ ಒಳಗಾದ ಒಂದು ವಿಧಾನದ ಪರವಾಗಿಯೂ ನಾನು ಮಾತಾಡಲೇಬೇಕು. ವಿಕಿರಣದ ಮೂಲವನ್ನೇ ಗಡ್ಡೆಯ ಒಳಗೆ ಅಥವಾ ಅದಕ್ಕೆ ಒತ್ತಿ ಇಟ್ಟು ಚಿಕಿತ್ಸೆ ಕೊಡುವ ಬ್ರಾಕಿಥೆರಪಿ, ರೇಡಿಯಂ ಕಾಲದಿಂದ ಬಂದದ್ದು. ಇಂದು ಇರಿಡಿಯಂ-192ರ ಅಕ್ಕಿಕಾಳಿಗಿಂತ ಚಿಕ್ಕ ಮೂಲವೊಂದು ತಂತಿಯ ತುದಿಯಲ್ಲಿ ಹೋಗಿ, ಕಂಪ್ಯೂಟರ್ ಹೇಳಿದ ಜಾಗಗಳಲ್ಲಿ ಹೇಳಿದಷ್ಟು ಸೆಕೆಂಡು ನಿಂತು ವಾಪಸು ಬರುತ್ತದೆ. ಸ್ಥಳೀಯವಾಗಿ ಮುಂದುವರಿದ ಗರ್ಭಕಂಠದ ಕ್ಯಾನ್ಸರ್ ಅನ್ನು ಗುಣಪಡಿಸುವ ಚಿಕಿತ್ಸೆಯಲ್ಲಿ ಇದಕ್ಕೆ ಬದಲಿ ಇಲ್ಲ. ಎಷ್ಟೇ ಹೊಸ ಲಿನಾಕ್ ಇದ್ದರೂ ಹೊರಗಿನಿಂದ ಅಷ್ಟು ಪ್ರಮಾಣವನ್ನು ಅಷ್ಟು ಸುರಕ್ಷಿತವಾಗಿ ಕೊಡಲಾಗದು. ಅಮೆರಿಕದಂಥ ದೇಶದಲ್ಲೇ ಗರ್ಭಕಂಠದ ಕ್ಯಾನ್ಸರ್‌ಗೆ ಬ್ರಾಕಿಥೆರಪಿಯ ಬಳಕೆ 1988ರಲ್ಲಿ ಶೇಕಡಾ 83 ಇದ್ದದ್ದು 2009ರ ಹೊತ್ತಿಗೆ ಶೇಕಡಾ 58ಕ್ಕೆ ಇಳಿಯಿತು, ಮತ್ತು ಅದನ್ನು ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಅದೇ ದಾಖಲೆಗಳು ತೋರಿಸಿದವು. ಇರಿಡಿಯಂನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಅವಧಿ, ಸುಮಾರು 74 ದಿನ. ಮೂರ್ನಾಲ್ಕು ತಿಂಗಳಿಗೊಮ್ಮೆ ಮೂಲ ಬದಲಿಸುವ ಖರ್ಚನ್ನು ಆಯವ್ಯಯದಲ್ಲಿ ಕಾಯಂ ಸಾಲಾಗಿ ಬರೆಯದ ಕಾರಣಕ್ಕೆ ಇಡೀ ವ್ಯವಸ್ಥೆ ನಿಷ್ಕ್ರಿಯವಾಗುವುದು ತೀರ ಅನ್ಯಾಯ.

ನೋವಿನಿಂದ ನರಳುತ್ತಿರುವವರ ಸಂಗತಿ ಇನ್ನೂ ಸರಳ. ಕ್ಯಾನ್ಸರ್ ಎಲುಬಿಗೆ ಹರಡಿ ನೋಯುತ್ತಿರುವಾಗ, ಒಂದೇ ಬಾರಿಗೆ 8 ಗ್ರೇ ಕೊಟ್ಟರೆ, ಹತ್ತು ಬಾರಿಗೆ 30 ಗ್ರೇ ಕೊಟ್ಟಷ್ಟೇ ನೋವು ಶಮನವಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಸಾಬೀತಾಗಿದೆ. ಮತ್ತೊಮ್ಮೆ ಕೊಡಬೇಕಾಗಿ ಬರುವುದು ಮಾತ್ರ ಒಂದೇ ಬಾರಿ ಪಡೆದವರಲ್ಲಿ ಹೆಚ್ಚು. ಇದಕ್ಕೆ ಐಎಂಆರ್‌ಟಿಯಾಗಲಿ ಪ್ರೋಟಾನ್ ಆಗಲಿ ಬೇಕಿಲ್ಲ, ಹಳೆಯ ಕೋಬಾಲ್ಟ್ ಯಂತ್ರವೂ ಸಾಕು. ಬೇಕಾದದ್ದು ಇಂದು ಬಂದವರಿಗೆ ಇಂದೋ ನಾಳೆಯೋ ಕೊಡಬಹುದಾದ ಒಂದು ಖಾಲಿ ಸಮಯ. ದಿನದ ಪಟ್ಟಿಯಲ್ಲಿ ಅಂಥ ಸಮಯವನ್ನು ಕಡ್ಡಾಯವಾಗಿ ಕಾದಿರಿಸುವ ನಿಯಮ ಪ್ರತಿ ಕೇಂದ್ರದಲ್ಲೂ ಇರಲಿ.

ಕೊನೆಯದಾಗಿ, ನಿಮ್ಮ ಅಧೀನದ ಪ್ರತಿ ವಿಕಿರಣ ಚಿಕಿತ್ಸಾ ಕೇಂದ್ರವೂ ವರ್ಷಕ್ಕೊಮ್ಮೆ ಒಂದು ಪುಟದ ವರದಿಯನ್ನು ಸಾರ್ವಜನಿಕರ ಮುಂದಿಡುವಂತೆ ಆದೇಶಿಸಬೇಕೆಂದು ಕೋರುತ್ತೇನೆ. ಚಿಕಿತ್ಸೆ ಬೇಕೆಂದು ವೈದ್ಯರು ನಿರ್ಧರಿಸಿದ ದಿನದಿಂದ ಮೊದಲ ಕಿರಣದವರೆಗೆ ರೋಗಿಗಳು ಕಾದ ದಿನಗಳು, ಯಂತ್ರ ನಿಂತಿದ್ದ ದಿನಗಳು, ನಿಗದಿತ ಅವಧಿಯೊಳಗೆ ಚಿಕಿತ್ಸೆ ಮುಗಿಸಿದವರ ಪ್ರಮಾಣ, ಬ್ರಾಕಿಥೆರಪಿ ಬೇಕಾಗಿದ್ದವರಲ್ಲಿ ಅದು ಸಿಕ್ಕವರ ಪ್ರಮಾಣ, ಹೊರಗಿನ ಪರೀಕ್ಷೆಯ ಫಲಿತಾಂಶ, ಖಾಲಿ ಉಳಿದ ಹುದ್ದೆಗಳು ಅದರಲ್ಲಿರಲಿ. ಈ ಅಂಕಿಗಳೆಲ್ಲ ಪ್ರತಿ ವಿಭಾಗದ ದಾಖಲೆಗಳಲ್ಲಿ ಈಗಾಗಲೇ ಇವೆ, ಅವನ್ನು ಒಟ್ಟುಗೂಡಿಸಿ ಬರೆಯಲು ಒಬ್ಬರಿಗೆ ಕೆಲವು ದಿನಗಳ ಕೆಲಸವಷ್ಟೇ. ಹೊಸ ಯಂತ್ರ ಕೋರುವ ಮುಂದಿನ ಕಡತ ನಿಮ್ಮ ಮೇಜಿಗೆ ಬಂದಾಗ, ಆ ಕೇಂದ್ರದ ಈ ಪುಟ ಅದಕ್ಕೆ ಲಗತ್ತಾಗಿರದಿದ್ದರೆ ಕಡತವನ್ನು ಹಿಂದಿರುಗಿಸಿ, ಪುಟದೊಂದಿಗೆ ಮತ್ತೆ ತರಿಸಿಕೊಳ್ಳಿ.

ಗೌರವಪೂರ್ವಕವಾಗಿ,
ವಿಕಿರಣ ಚಿಕಿತ್ಸೆಯ ಒಬ್ಬ ಭೌತವಿಜ್ಞಾನಿ